ಮನೆ ಡೇಕೇರ್‌ಗೆ ಒಳಗಿನ ಪಾದರಕ್ಷೆ: ಐದು ಬಗೆಗಳ ವಿಮರ್ಶೆ, ಜೊತೆಗೆ ಕಾಲು ತೊಳೆಯುವ ಕ್ರಮ

ಮನೆಯಲ್ಲೇ ನಾಲ್ಕಾರು ಮಕ್ಕಳನ್ನು ನೋಡಿಕೊಳ್ಳುವವರು ಒಳಗೆ ಹಾಕಿಸಲು ಪಾದರಕ್ಷೆ ಕೊಳ್ಳುವಾಗ ಮೆತ್ತಗಿದೆಯೇ, ಜಾರುತ್ತದೆಯೇ, ಬೆಲೆ ಎಷ್ಟು ಎಂದು ನೋಡುತ್ತಾರೆ. ಇವೆಲ್ಲಕ್ಕೂ ಮೊದಲು ಕೇಳಬೇಕಾದದ್ದು ಬೇರೆ: ಸಂಜೆ ಆರಕ್ಕೆ ಸೋಪುನೀರಿನಲ್ಲಿ ತೊಳೆದಿಟ್ಟರೆ ಬೆಳಿಗ್ಗೆ ಎಂಟಕ್ಕೆ ಒಳಗಿನ ಮೂತಿಯವರೆಗೂ ಒಣಗಿರುತ್ತದೆಯೇ? ಒಂದೇ ಮಗುವಿರುವ ಮನೆಯಲ್ಲಿ ಈ ಪ್ರಶ್ನೆಗೆ ಅಷ್ಟು ತೂಕವಿಲ್ಲ. ಡೇಕೇರ್‌ನಲ್ಲಿ ಡೈಪರ್ ಸೋರುತ್ತದೆ, ಹಾಲು ಚೆಲ್ಲುತ್ತದೆ, ಶೌಚಕ್ಕೆ ಹೋಗಿಬಂದ ಕಾಲು ಆಟದ ಚಾಪೆಯ ಮೇಲೆ ಬರುತ್ತದೆ, ಅದೇ ಚಾಪೆಯ ಮೇಲೆ ಅಂಬೆಗಾಲಿಡುವ ಕೂಸು ಕೈಯೂರಿ ಆ ಕೈಯನ್ನೇ ಬಾಯಿಗಿಡುತ್ತದೆ. ತೊಳೆಯಲಾಗದ ಪಾದರಕ್ಷೆ ಅಲ್ಲಿ ಎಷ್ಟು ಚೆಂದವಿದ್ದರೂ ಎರಡನೇ ವಾರಕ್ಕೆ ಕೊಳಕೇ. ಕೆಳಗಿನ ಐದು ಬಗೆಗಳನ್ನು ತೂಗಿರುವುದು ಈ ಅಳತೆಯಲ್ಲೇ. ಹಿಡಿತ, ಅಗಲ, ಮಗು ತಾನೇ ಹಾಕಿಕೊಳ್ಳಬಲ್ಲುದೇ ಎಂಬುದು ಅದರ ನಂತರದ ಮಾತು.

ನಿಜ ಹೇಳಬೇಕೆಂದರೆ ಈ ಪರೀಕ್ಷೆಯಲ್ಲಿ ಮೊದಲು ಪಾಸಾಗುವುದು ಬರಿಗಾಲು. ನಡಿಗೆ ಕಲಿಯುತ್ತಿರುವ ಮಗುವಿಗೆ ಬೆರಳುಗಳನ್ನು ಹರಡಿ ನೆಲ ಹಿಡಿಯುವ ಅವಕಾಶ ಬೇಕು, ಅಂಗಾಲಿಗೆ ನೆಲದ ಸ್ಪರ್ಶ ತಿಳಿಯಬೇಕು. ನೆಲ ಒಣಗಿದ್ದು, ಬೆಚ್ಚಗಿದ್ದು, ಸಿಬಿರೇಳುವ ಮರದ ಹಲಗೆ ಇಲ್ಲದಿದ್ದರೆ ಒಳಗೆ ಏನನ್ನೂ ಹಾಕಿಸಬೇಕಾಗಿಲ್ಲ. ಬರಿಗಾಲು ಸಾಲದೆ ಹೋಗುವುದು ಕೆಲವು ಕಡೆ ಮಾತ್ರ: ತಣ್ಣನೆಯ ನೆಲ, ಶೌಚದ ಕೋಣೆ, ಆಟಿಕೆ ಒಡೆದ ಚೂರು ಬೀಳುವ ಮೂಲೆ, ಅಂಗಾಲಲ್ಲಿ ಗಾಯವಿರುವ ಮಗು. ಅಂಗಾಲು ಚಪ್ಪಟೆಯಾಗಿದೆ ಎಂಬ ಕಾರಣಕ್ಕೆ ಒಳಗೂ ಕಮಾನಿನ ಆಸರೆಯ ಶೂ ಬೇಕೆಂದು ಕೇಳುವ ಪೋಷಕರಿದ್ದಾರೆ. ಪುಟ್ಟ ಮಕ್ಕಳ ಅಂಗಾಲಿನಡಿ ಕೊಬ್ಬಿನ ಪದರವಿರುತ್ತದೆ, ಪಾದದ ಕಮಾನು ಎದ್ದು ಕಾಣಲು ಐದಾರು ವರ್ಷ, ಕೆಲವರಿಗೆ ಇನ್ನೂ ಹೆಚ್ಚು ಬೇಕಾಗುತ್ತದೆ. ನೋವಿಲ್ಲದೆ ಓಡಾಡುವ ಮಗುವಿಗೆ ಆ ಆಸರೆಯಿಂದ ಸಿಗುವುದೇನೂ ಇಲ್ಲ.

ಗ್ರಿಪ್ ಸಾಕ್ಸ್, ಅಂದರೆ ಅಡಿಯಲ್ಲಿ ಸಿಲಿಕೋನ್ ಚುಕ್ಕಿಗಳಿರುವ ಕಾಲುಚೀಲ, ಎಲ್ಲಕ್ಕಿಂತ ಅಗ್ಗ, ರಾತ್ರಿಯೊಳಗೆ ಒಣಗುತ್ತದೆ. ಹೊಸತಿದ್ದಾಗ ಹಿಡಿತವೂ ಚೆನ್ನಾಗಿರುತ್ತದೆ. ತೊಂದರೆ ಆಮೇಲೆ. ಚುಕ್ಕಿಗಳ ಮೇಲೆ ನೂಲೆಳೆ, ಕೂದಲು, ಧೂಳು ಅಂಟಿ ಹಿಡಿತ ಕಡಿಮೆಯಾಗುತ್ತದೆ. ಬಟ್ಟೆ ಮೃದುಗೊಳಿಸುವ ದ್ರಾವಣ ಹಾಕಿ ತೊಳೆದರೆ ಅದರ ಪದರ ಕುಳಿತು ಇನ್ನಷ್ಟು ಜಾರುತ್ತದೆ. ಬೆರಳುಗಳ ಬುಡದಲ್ಲಿರುವ ಚುಕ್ಕಿಗಳು ಮೊದಲು ಸವೆಯುತ್ತವೆ, ಜಾರುವುದೂ ಅಲ್ಲಿಂದಲೇ. ಹೆಬ್ಬೆರಳಿನಿಂದ ಉಜ್ಜಿ ನೋಡಿ, ತಡೆಯದೆ ಸರ್ರನೆ ಸರಿದರೆ ಆ ಜೋಡಿಯ ಆಯುಸ್ಸು ಮುಗಿಯಿತು. ಚುಕ್ಕಿಯೇ ಇಲ್ಲದ ಸಾದಾ ಸಾಕ್ಸ್ ಹಾಕಿ ನುಣುಪು ನೆಲದ ಮೇಲೆ ಓಡಬಿಡುವುದು ಈ ಇಡೀ ವಿಷಯದಲ್ಲೇ ಅತಿ ಕೆಟ್ಟ ಆಯ್ಕೆ; ಅದಕ್ಕಿಂತ ಬರಿಗಾಲು ಎಷ್ಟೋ ಮೇಲು. ಸಾಕ್ಸ್ ನೀರು ಹೀರುವುದರಿಂದ ಶೌಚದ ಕೋಣೆಗೆ ಹೋಗುವ ಮುನ್ನ ಬಿಚ್ಚಲೇಬೇಕು. ಇನ್ನೊಂದು ಅಪಾಯ ಬಹಳ ಜನರ ಗಮನಕ್ಕೆ ಬರುವುದಿಲ್ಲ: ಸಾಕ್ಸ್‌ನ ಒಳಗಿನ ಸಡಿಲ ನೂಲೋ ಉದುರಿದ ಕೂದಲೋ ಕೂಸಿನ ಕಾಲ್ಬೆರಳಿಗೆ ಸುತ್ತಿಕೊಂಡು ರಕ್ತಸಂಚಾರ ತಡೆಯಬಹುದು. ಕಾರಣ ಕಾಣದ ಅಳುವಿನ ಹಿಂದೆ ಕೆಲವೊಮ್ಮೆ ಇದು ಇರಬಹುದು. ಹಾಕಿಸುವ ಮುನ್ನ ಸಾಕ್ಸ್ ತಿರುವಿ ನೋಡಿ ಉದ್ದ ಎಳೆಗಳನ್ನು ಕತ್ತರಿಸಿ. ಬೆರಳು ಕೆಂಪಾಗಿ ಊದಿದ್ದು ಎಳೆ ಸುಲಭವಾಗಿ ಬಿಡದಿದ್ದರೆ ತಡಮಾಡದೆ ವೈದ್ಯರಲ್ಲಿಗೆ.

ಮೆತ್ತನೆ ಚರ್ಮದ ಒಳಶೂ, ಕಣಕಾಲಿನ ಸುತ್ತ ಎಲಾಸ್ಟಿಕ್ ಇರುವುದು, ಕಾಲಿಗೆ ಬಹಳ ಹಿತ. ಗಾಳಿ ಆಡುತ್ತದೆ, ಮಗು ಕಿತ್ತು ಎಸೆಯುವುದು ಕಷ್ಟ, ಅಟ್ಟೆ ತೆಳು. ಆದರೆ ನಮ್ಮ ಪರೀಕ್ಷೆಯಲ್ಲಿ ನೇರವಾಗಿ ಫೇಲು. ನೆನೆದ ಚರ್ಮ ಒಂದು ರಾತ್ರಿಯಲ್ಲಿ ಒಣಗುವುದಿಲ್ಲ, ಬಿಸಿಗೆ ಹಿಡಿದು ಒಣಗಿಸಿದರೆ ಬಿರುಸಾಗಿ ಮುರುಟುತ್ತದೆ, ಅಡಿಯ ಒರಟು ಚರ್ಮ ಒದ್ದೆ ನೆಲದಲ್ಲಿ ಜಾರುತ್ತದೆ. ಮೂತ್ರ ನೆನೆದ ಜೋಡಿಯ ವಾಸನೆ ಪೂರ್ತಿ ಹೋಗುವುದೂ ಇಲ್ಲ. ಡೈಪರ್ ಗಟ್ಟಿಯಾಗಿ ನಿಲ್ಲುವ, ಇನ್ನೂ ಹೆಚ್ಚು ನಡೆಯದ ಒಂದು ವರ್ಷದ ಆಚೀಚೆಯ ಮಕ್ಕಳಿಗೆ, ಅದೂ ಮನೆಯಿಂದಲೇ ಎರಡು ಜೋಡಿ ಕಳಿಸಿದರೆ ಮಾತ್ರ ಸರಿ. ಶೌಚ ಕಲಿಯುತ್ತಿರುವ ಮಗುವಿಗೆ ಬೇಡ.

ಈವಿಎ ಕ್ಲಾಗ್, ಅಂದರೆ ತೂತುಗಳಿರುವ ಹಗುರ ಫೋಮ್ ಚಪ್ಪಲಿ, ತೊಳೆಯುವುದರಲ್ಲಿ ಎಲ್ಲವನ್ನೂ ಸೋಲಿಸುತ್ತದೆ. ನಲ್ಲಿಯಡಿ ಬ್ರಷ್‌ನಿಂದ ಉಜ್ಜಿ, ಬಟ್ಟೆಯಿಂದ ಒರೆಸಿದರೆ ಹತ್ತೇ ನಿಮಿಷ. ಆದರೂ ದಿನವಿಡೀ ಹಾಕಿಸಲು ಇದನ್ನು ಶಿಫಾರಸು ಮಾಡಲಾರೆವು. ಹಿಮ್ಮಡಿ ಸಡಿಲವಿರುವುದರಿಂದ ಮಗು ಬೆರಳು ಮಡಚಿ ಚಪ್ಪಲಿಯನ್ನು ಹಿಡಿದು ನಡೆಯುತ್ತದೆ. ಅಗಲವಾದ ಮೂತಿ ಮೆಟ್ಟಿಲಿಗೆ, ಚಾಪೆಯ ಅಂಚಿಗೆ ಸಿಕ್ಕಿ ಮುಗ್ಗರಿಸುತ್ತದೆ. ಹಿಂಪಟ್ಟಿ ಹಿಮ್ಮಡಿಗೆ ಇದ್ದರಷ್ಟೇ ಓಡಬಿಡಿ, ಪಟ್ಟಿ ಮೇಲಕ್ಕೆ ಮಡಚಿದ್ದರೆ ಓಡಾಟ ಬೇಡ. ಫೋಮ್‌ನಲ್ಲಿ ಗಾಳಿ ದಾಟುವುದಿಲ್ಲ, ಮೇಲೆ ತೂತಿದ್ದರೂ ಅಂಗಾಲು ಬೆವರುತ್ತಲೇ ಇರುತ್ತದೆ. ಸುಡು ಬಿಸಿಲಿನಲ್ಲಿಯೋ ಮುಚ್ಚಿದ ಕಾರಿನಲ್ಲಿಯೋ ಇಟ್ಟರೆ ಕುಗ್ಗುತ್ತದೆ. ನಿನ್ನೆ ಸರಿಯಾಗಿದ್ದದ್ದು ಇಂದು ಬಿಗಿ ಎಂಬ ದೂರಿನ ಹಿಂದೆ ಮಗುವಿನ ಬೆಳವಣಿಗೆಯ ಬದಲು ಬಿಸಿಲು ಇರಬಹುದು. ತೂತಿಗೆ ಸಿಕ್ಕಿಸುವ ಅಲಂಕಾರದ ಗುಂಡಿಗಳನ್ನು ಮೂರು ವರ್ಷದೊಳಗಿನ ಮಕ್ಕಳಿರುವ ಮನೆಯೊಳಗೆ ಬರಲೇ ಬಿಡಬೇಡಿ. ಆಟಿಕೆಗಳ ಸಣ್ಣ ಭಾಗಗಳನ್ನು ಪರೀಕ್ಷಿಸುವ ಸಿಲಿಂಡರಿನ ಒಳವ್ಯಾಸ 31.7 ಮಿಲಿಮೀಟರ್, ಈ ಗುಂಡಿಗಳು ಸಾಮಾನ್ಯವಾಗಿ ಅದರೊಳಗೆ ಸಲೀಸಾಗಿ ಹೋಗುವಷ್ಟು ಚಿಕ್ಕವು, ಎಂದರೆ ಗಂಟಲಲ್ಲಿ ಸಿಕ್ಕಿಕೊಳ್ಳಬಲ್ಲವು. ಕ್ಲಾಗ್‌ಗೆ ಒಪ್ಪುವ ಜಾಗ ಒಂದೇ: ಶೌಚದ ಕೋಣೆಯ ಬಾಗಿಲು. ಪ್ರತಿ ಮಗುವಿಗೂ ಅಲ್ಲಿ ತನ್ನದೇ ಜೋಡಿ ಇದ್ದರೆ ಉಳಿದ ಮನೆ ಅರ್ಧಕ್ಕರ್ಧ ಚೊಕ್ಕ.

ನೀರಾಟದ ಶೂ ಎಂದು ಮಾರುವ, ಎಳೆದರೆ ಹಿಗ್ಗುವ ಮೇಲ್ಬಟ್ಟೆಯ ಬಗೆಯಲ್ಲಿ ಎರಡು ಜಾತಿ ಇವೆ, ಪೆಟ್ಟಿಗೆಯ ಮೇಲಿನ ಹೆಸರು ನೋಡಿದರೆ ವ್ಯತ್ಯಾಸ ತಿಳಿಯುವುದಿಲ್ಲ. ತೆಳ್ಳನೆಯ ಜಾಲರಿ ಬಟ್ಟೆಯದು ಕೆಲವೇ ಗಂಟೆಗಳಲ್ಲಿ ಒಣಗುತ್ತದೆ. ನಿಯೋಪ್ರೀನ್ ಎಂಬ ದಪ್ಪ ರಬ್ಬರ್ ಫೋಮಿನದು ಹೊರಗೆ ಒಣಗಿದಂತೆ ಕಂಡರೂ ಒಳಗೆ ತೇವ ಹಿಡಿದುಕೊಂಡಿರುತ್ತದೆ, ಮೂರನೇ ದಿನಕ್ಕೆ ಮೂಗಿಗೆ ಗೊತ್ತಾಗುತ್ತದೆ. ಬೆರಳುಗಳ ನಡುವೆ ಬಟ್ಟೆ ಹಿಂಡಿ ನೋಡಿ: ಸ್ಪಂಜಿನಂತೆ ಒತ್ತಿ ಮತ್ತೆ ಉಬ್ಬಿದರೆ ಕೊಳ್ಳಬೇಡಿ. ಜಾಲರಿಯದಕ್ಕೂ ಒಂದು ಕೊರತೆ ಇದೆ. ಬಾಯಿ ಬಿಗಿ, ತೆರೆಯಲು ಪಟ್ಟಿ ಇಲ್ಲ. ಎರಡು ವರ್ಷದ ಮಗು ಒಂಟಿಯಾಗಿ ಹಾಕಿಕೊಳ್ಳಲು ಹೋದರೆ ಕೊನೆಯ ಎರಡು ಬೆರಳು ಒಳಗೆ ಮಡಚಿಕೊಂಡೇ ಉಳಿಯುತ್ತವೆ. ಹಿಂದೆ ಎಳೆಯುವ ಕುಣಿಕೆ ಇರುವುದನ್ನು ಆರಿಸಿ.

ಐದನೆಯದು ಹತ್ತಿ ಕ್ಯಾನ್ವಾಸಿನ ಮೇಲ್ಭಾಗ, ಬಾಗುವ ರಬ್ಬರ್ ಅಟ್ಟೆ, ಅಗಲವಾದ ಒಂದೇ ವೆಲ್ಕ್ರೊ ಪಟ್ಟಿ, ಹೊರಗೆ ಬರುವ ಒಳಅಟ್ಟೆ ಇರುವ ಸಾದಾ ಶೂ. ನೋಡಲು ಏನೂ ವಿಶೇಷವಿಲ್ಲ. ಒಂದೂವರೆ ವರ್ಷ ದಾಟಿ ನಡೆಯುವ ಮಕ್ಕಳಿಗೆ, ಒಳಗೆ ಏನಾದರೂ ಬೇಕೇಬೇಕು ಎಂದಾದರೆ, ನಾವು ಕೊಳ್ಳಿ ಎನ್ನುವುದು ಇದನ್ನೇ. ಒಳಅಟ್ಟೆ ತೆಗೆದು ಬಾಯಿ ಪೂರ್ತಿ ತೆರೆದು ಗಾಳಿಗೆ ಇಟ್ಟರೆ ರಾತ್ರಿಯೊಳಗೆ ಒಣಗುತ್ತದೆ. ಒಳಅಟ್ಟೆ ಅಂಟಿಸಿದ ಮಾದರಿ ಒಣಗುವುದಿಲ್ಲ, ಅದರಡಿ ನೀರು ನಿಂತು ಬೂಷ್ಟು ಹಿಡಿಯುತ್ತದೆ. ಅಂಗಡಿಯಲ್ಲಿ ಉಗುರಿನಿಂದ ಒಳಅಟ್ಟೆಯ ಹಿಮ್ಮಡಿಯ ಅಂಚು ಎತ್ತಿ ನೋಡಿ, ಎದ್ದು ಬರದಿದ್ದರೆ ಅಲ್ಲಿಗೇ ಬಿಡಿ. ಒಳಗೆ ಸ್ಪಂಜಿನ ಅಸ್ತರು ದಪ್ಪವಾಗಿದ್ದರೂ ಬೇಡ. ಮಳೆಗಾಲದಂತಹ ತೇವದ ದಿನಗಳಲ್ಲಿ ಇದೂ ಒಂದು ರಾತ್ರಿಯಲ್ಲಿ ಪೂರ್ತಿ ಒಣಗದಿರಬಹುದು, ಆಗ ಫ್ಯಾನಿನ ಗಾಳಿ ಬೇಕು.

ಯಾವ ಶೂ ಕೊಂಡರೂ ಕೈಯಲ್ಲೇ ಮಾಡಬಹುದಾದ ಪರೀಕ್ಷೆಗಳಿವೆ. ಮೂತಿ ಮತ್ತು ಹಿಮ್ಮಡಿ ಹಿಡಿದು ಒತ್ತಿ: ಬೆರಳುಗಳ ಬುಡ ಬರುವ ಜಾಗದಲ್ಲಿ, ಅಂದರೆ ಮುಂದಿನ ಮೂರನೇ ಒಂದು ಭಾಗದಲ್ಲಿ ಬಾಗಬೇಕು. ನಡುಮಧ್ಯೆ ಮಡಚಿದರೆ ಅಟ್ಟೆ ಸರಿಯಿಲ್ಲ, ಎಲ್ಲಿಯೂ ಬಾಗದಿದ್ದರೆ ಅದು ಇನ್ನೂ ಕೆಟ್ಟದ್ದು. ಮೂತಿಯ ಆಕಾರ ಮಗುವಿನ ಕಾಲಿನಂತೆ ಅಗಲವಿರಬೇಕು, ಚೂಪಾಗಿರಬಾರದು. ಒಳಗೆ ಕೈ ಹಾಕಿ ಹೊಲಿಗೆಯ ಗಂಟು ತಡವಿ ನೋಡಿ. ನಿಮ್ಮ ಬೆರಳಿಗೆ ಸಿಕ್ಕಿದ ಗಂಟು ಮಗುವಿನ ಕಿರುಬೆರಳ ಮೇಲೆ ಗುಳ್ಳೆ ಎಬ್ಬಿಸುತ್ತದೆ. ನಡೆದರೆ ದೀಪ ಮಿನುಗುವ ಶೂಗಳೊಳಗೆ ಬ್ಯಾಟರಿ ಇರುತ್ತದೆ. ಅಟ್ಟೆ ಬಿರಿದು ಗುಂಡಿ ಬ್ಯಾಟರಿ ಹೊರಬಂದು ಮಗು ನುಂಗಿದರೆ ಎರಡೇ ಗಂಟೆಗಳಲ್ಲಿ ಅನ್ನನಾಳ ಸುಟ್ಟು ಗಾಯವಾಗಬಹುದು. ಹಾಗಾಗಿ ಅಂಥವು ಹೊರಬಾಗಿಲಲ್ಲೇ, ಮಕ್ಕಳ ಕೈಗೆಟುಕದ ಎತ್ತರದಲ್ಲಿರಲಿ.

ಅಳತೆಯ ವಿಷಯದಲ್ಲಿ ಹೆಚ್ಚು ಎಡವುವುದು ಪೋಷಕರು, ಅನುಭವಿಸುವುದು ಡೇಕೇರ್‌ನವರು. ಬಿಳಿ ಕಾಗದವನ್ನು ಗೋಡೆಗೆ ತಾಗಿಸಿಟ್ಟು, ಹಿಮ್ಮಡಿ ಗೋಡೆಗೆ ಮುಟ್ಟುವಂತೆ ಮಗುವನ್ನು ನಿಲ್ಲಿಸಿ, ಅತಿ ಉದ್ದದ ಬೆರಳಿನ ತುದಿಗೆ ಗುರುತು ಹಾಕಿ. ಕೂರಿಸಿ ಅಳೆದರೆ ಕಡಿಮೆ ಬರುತ್ತದೆ, ಮೈಭಾರ ಬಿದ್ದಾಗಲೇ ಪಾದ ಹರಡುವುದು. ಎರಡೂ ಕಾಲು ಅಳೆದು ದೊಡ್ಡದನ್ನು ಹಿಡಿಯಿರಿ, ಸಂಜೆ ಅಳೆದರೆ ಒಳ್ಳೆಯದು. ಅದಕ್ಕೆ ಸುಮಾರು 12 ಮಿಲಿಮೀಟರ್ ಸೇರಿಸಿದರೆ ಶೂವಿನ ಒಳ ಉದ್ದ ಸಿಗುತ್ತದೆ. ಈ ಒಳ ಉದ್ದವನ್ನು ಹೊರಗೆ ತೆಗೆದ ಒಳಅಟ್ಟೆಯ ಮೇಲೆ ಅಳೆಯಿರಿ, ನಂಬರ್ ನಂಬಬೇಡಿ. ಯುರೋಪಿನ ನಂಬರಿನಲ್ಲಿ ಒಂದು ಸೈಜ್ ಎಂದರೆ 6.67 ಮಿಲಿಮೀಟರ್, ಇಂಗ್ಲಿಷ್ ನಂಬರಿನಲ್ಲಿ 8.46, ಅದರ ಮೇಲೆ ತಯಾರಕರ ಅಚ್ಚು ಬೇರೆಬೇರೆ. ಒಂದರಿಂದ ಮೂರು ವರ್ಷದ ನಡುವೆ ಪಾದ ತಿಂಗಳಿಗೆ ಸುಮಾರು ಒಂದೂವರೆ ಮಿಲಿಮೀಟರ್ ಬೆಳೆಯುತ್ತದೆ, ಮೂರರಿಂದ ಆರರವರೆಗೆ ಸುಮಾರು ಒಂದು. ಹಾಗಾದರೆ ಬಿಟ್ಟ ಜಾಗದ ಅರ್ಧ, 6 ಮಿಲಿಮೀಟರ್, ಚಿಕ್ಕವರಲ್ಲಿ ನಾಲ್ಕೇ ತಿಂಗಳಲ್ಲಿ ಮುಗಿಯುತ್ತದೆ. ಮೂರರೊಳಗಿನವರನ್ನು ಎರಡು ತಿಂಗಳಿಗೊಮ್ಮೆ, ದೊಡ್ಡವರನ್ನು ಮೂರು ತಿಂಗಳಿಗೊಮ್ಮೆ ಅಳೆಯುವುದು ಈ ಲೆಕ್ಕದಿಂದ. ಮುಂದಿನ ವರ್ಷಕ್ಕೂ ಆಗಲಿ ಎಂದು ಎರಡು ನಂಬರ್ ದೊಡ್ಡದು ಕೊಂಡರೆ ಪಾದ ಒಳಗೆ ಮುಂದಕ್ಕೆ ಜಾರಿ ಬೆರಳು ಮೂತಿಗೆ ಬಡಿಯುತ್ತದೆ. ಮಗುವನ್ನು ನಿಲ್ಲಿಸಿ ಹೊರಗಿನಿಂದ ಮೂತಿ ಒತ್ತಿ ನೋಡುವುದು ನಂಬಲರ್ಹವಲ್ಲ: ಒತ್ತಿದೊಡನೆ ಮಗು ಬೆರಳು ಮಡಚುತ್ತದೆ.

ಬಾಗಿಲಲ್ಲಿ ಬೇಕಾದದ್ದು ಎರಡು ಕಾಲೊರಸು: ಹೊರಗೆ ಮಣ್ಣು ಕೆರೆಯುವ ಒರಟಿನದು, ಒಳಗೆ ನೀರು ಹೀರುವ, ಯಂತ್ರದಲ್ಲಿ ತೊಳೆಯಬಹುದಾದದ್ದು. ನಡುವೆ ಸುಮಾರು 20ರಿಂದ 25 ಸೆಂಟಿಮೀಟರ್ ಎತ್ತರದ ಬೆಂಚು. ಕೂತಾಗ ಎರಡೂ ಅಂಗಾಲು ನೆಲಕ್ಕೆ ತಾಗದಿದ್ದರೆ ಮಗುವಿಗೆ ವೆಲ್ಕ್ರೊ ಎಳೆಯುವ ಬಲ ಬರುವುದಿಲ್ಲ. ಹೊರಗಿನ ಶೂ ಬೆಂಚಿನ ಆ ಬದಿ, ಒಳಗಿನದು ಈ ಬದಿ. ಈ ಗೆರೆ ದೊಡ್ಡವರಿಗೂ ಅನ್ವಯ, ಮಗುವನ್ನು ಬಿಡಲು ಅವಸರದಲ್ಲಿ ಬರುವ ಪೋಷಕರಿಗಂತೂ ಖಂಡಿತ. ಬೀದಿಯ ಧೂಳಿನಲ್ಲಿ ಹಳೆ ಬಣ್ಣದ ಸೀಸ, ಕೀಟನಾಶಕ, ಪ್ರಾಣಿಗಳ ಮಲ ಎಲ್ಲವೂ ಇರಬಹುದು, ನೆಲದ ಮೇಲೆ ಬದುಕುವವರು ಕೂಸುಗಳು. ಶೂ ಇಡುವ ಜಾಗ ತೆರೆದ ತಂತಿಯ ಅಥವಾ ಪಟ್ಟಿಯ ಗೂಡಾಗಿರಲಿ, ಮುಚ್ಚಳದ ಡಬ್ಬ ಬೇಡ. ಎಡಬಲ ತಿಳಿಯಲು ಒಂದು ಸ್ಟಿಕ್ಕರ್ ಅರ್ಧಕ್ಕೆ ಕತ್ತರಿಸಿ ಎರಡು ಒಳಅಟ್ಟೆಗಳ ಹಿಮ್ಮಡಿಗೆ ಒಳಬದಿಯ ಅಂಚಿನಲ್ಲಿ ಅಂಟಿಸಿ. ಸರಿಯಾಗಿ ಜೋಡಿಸಿದರೆ ಚಿತ್ರ ಪೂರ್ತಿಯಾಗುತ್ತದೆ. ಮೂರು ವರ್ಷದವರು ಇದನ್ನು ಬೇಗ ಹಿಡಿಯುತ್ತಾರೆ. ಹೆಸರನ್ನು ಮಾರ್ಕರ್‌ನಲ್ಲಿ ಒಳಅಟ್ಟೆಯ ಮೇಲೆ ಬರೆದರೆ ಬೆವರಿಗೆ ಅಳಿಸುತ್ತದೆ, ಪಟ್ಟಿಯ ಒಳಮೈ ಮೇಲೆ ಬರೆಯಿರಿ.

ಇನ್ನು ಕಾಲು ತೊಳೆಯುವುದು. ಎಲ್ಲರ ಕಾಲನ್ನೂ ಒಂದೇ ಟಬ್ಬಿನ ನೀರಿನಲ್ಲಿ ಅದ್ದುವ ಪದ್ಧತಿಯನ್ನು ಮೊದಲು ನಿಲ್ಲಿಸಬೇಕು. ಮೊದಲನೆಯ ಮಗುವಿನ ಕಾಲಿನಲ್ಲಿದ್ದದ್ದು ಕೊನೆಯದಕ್ಕೂ ತಲುಪುವ ನೇರ ದಾರಿ ಅದು. ಮೇಲಾಗಿ ಕೆಲವೇ ಸೆಂಟಿಮೀಟರ್ ನೀರಿನಲ್ಲೂ ಪುಟ್ಟ ಮಗು ಮುಳುಗಬಲ್ಲದು, ತುಂಬಿದ ಟಬ್ ಬಿಟ್ಟು ಟವೆಲ್ ತರಲು ಹೋಗುವಂತಿಲ್ಲ. ಹರಿಯುವ ನೀರು, ಇಲ್ಲವೇ ಮಗ್‌ನಿಂದ ಸುರಿಯುವ ನೀರು ಸಾಕು. ಮುಖ, ಕೈ ಮುಗಿದ ಮೇಲೆ ಕಾಲು. ನೀರು ಉಗುರು ಬೆಚ್ಚಗೆ, 37 ಡಿಗ್ರಿ ಆಸುಪಾಸು, ನಿಮ್ಮ ಮೊಣಕೈಗೆ ಬಿಸಿಯೆನಿಸಬಾರದು. ಕಣ್ಣಿಗೆ ಕಾಣುವ ಕೊಳೆ, ಮಲಮೂತ್ರ ತಾಗಿದ್ದರೆ ಸೋಪು, ಬರಿ ಧೂಳಿಗೆ ನೀರೇ ಸಾಕು. ಬೆರಳ ಸಂದುಗಳನ್ನು ನಿಮ್ಮ ಬೆರಳಿನಿಂದ ಒಂದೊಂದಾಗಿ ತೊಳೆಯಿರಿ. ಆಮೇಲಿನ ಒರೆಸುವುದೇ ನಿಜವಾದ ಕೆಲಸ: ಉಜ್ಜದೆ ಒತ್ತಿ ಒರೆಸಿ, ಬಟ್ಟೆಯ ಮೂಲೆಯನ್ನು ನಾಲ್ಕೂ ಸಂದುಗಳಲ್ಲಿ ಹಾಯಿಸಿ, ಕಿರುಬೆರಳ ಪಕ್ಕದ ಸಂದನ್ನು ಬಿಡಬೇಡಿ, ಅದು ಸದಾ ಬಿಗಿಯಾಗಿರುವುದರಿಂದ ತೇವ ಉಳಿಯುವುದು ಅಲ್ಲೇ. ಒಬ್ಬೊಬ್ಬರಿಗೆ ಒಂದು ಕಾಲುಬಟ್ಟೆ, ಮುಖದ ಬಟ್ಟೆಗಿಂತ ಬೇರೆ ಬಣ್ಣದ್ದು, ದಿನದ ಕೊನೆಗೆ 60 ಡಿಗ್ರಿ ನೀರಿನಲ್ಲಿ ಒಗೆತ. ತಣ್ಣೀರಿನ ಒಗೆತಕ್ಕೆ ಶಿಲೀಂಧ್ರ ಪೂರ್ತಿ ಸಾಯುವುದಿಲ್ಲ. ಹತ್ತು ನಿಮಿಷ ಬರಿಗಾಲಲ್ಲಿ ಬಿಟ್ಟು ಆಮೇಲೆ ಸಾಕ್ಸ್. ಪುಡಿ ಹಾಕಬೇಡಿ, ಮಕ್ಕಳು ಅದನ್ನು ಉಸಿರಿಗೆ ಎಳೆದುಕೊಳ್ಳುತ್ತಾರೆ, ಸಂದಿನಲ್ಲಿ ಅದು ತೇವದೊಡನೆ ಕಲೆತು ಹಿಟ್ಟಾಗುತ್ತದೆ. ಪ್ರತಿ ಮಗುವಿನ ನಂತರ ನಿಮ್ಮ ಕೈಯೂ ಸೋಪಿನಲ್ಲಿ. ಒದ್ದೆ ವೈಪ್ಸ್ ಹೊರಗೆ ಹೋದಾಗ ಆದೀತು, ಒರೆಸಿದ ಮೇಲೆ ಒಣಬಟ್ಟೆ ಬೇಕೇಬೇಕು.

ಶೂ ತೊಳೆಯುವಾಗ ವೆಲ್ಕ್ರೊ ಮುಚ್ಚಿಯೇ ತೊಳೆಯಿರಿ, ಇಲ್ಲದಿದ್ದರೆ ಕೊಕ್ಕೆಗಳಿಗೆ ಎಳೆಗಳು ತುಂಬಿ ಅದು ಹಿಡಿಯುವುದಿಲ್ಲ. ತುಂಬಿದ್ದರೆ ಹಳೆ ಹಲ್ಲುಜ್ಜುವ ಬ್ರಷ್‌ನಿಂದಲೋ ಸಣ್ಣ ಹಲ್ಲಿನ ಬಾಚಣಿಗೆಯಿಂದಲೋ ಕೆರೆದು ತೆಗೆಯಬಹುದು. ಬೆವರಿಗೆ ತನ್ನದೇ ವಾಸನೆ ಹೆಚ್ಚೇನೂ ಇಲ್ಲ, ಚರ್ಮದ ಬ್ಯಾಕ್ಟೀರಿಯಾಗಳು ಅದನ್ನು ಒಡೆದಾಗ ಹುಟ್ಟುವ ಐಸೊವಲೆರಿಕ್ ಆಮ್ಲವೇ ಆ ಗಬ್ಬು. ಹಾಗಾಗಿ ಸುವಾಸನೆಯ ಸ್ಪ್ರೇ ದಂಡ, ತೊಳೆದು ಒಣಗಿಸುವುದೇ ಔಷಧಿ. ಒಣಗಿಸಲು ಒಳಗೆ ಕಾಗದ ತುರುಕಿ ಎರಡು ಗಂಟೆಗೊಮ್ಮೆ ಬದಲಿಸಿ, ಫ್ಯಾನಿನ ಗಾಳಿಗೆ ಇಡಿ. ಹೀಟರಿನ ಮುಂದಿಟ್ಟರೆ ಅಟ್ಟೆಯ ಅಂಟು ಬಿಡುತ್ತದೆ. ವಾಂತಿ, ಭೇದಿ ಅಥವಾ ಕೈ-ಕಾಲು-ಬಾಯಿ ರೋಗವಿದ್ದಾಗ ಸೋಪಿನಿಂದ ತೊಳೆದ ನಂತರ ಅಟ್ಟೆಗೆ, ಶೂ ಗೂಡಿಗೆ, ಬೆಂಚಿಗೆ ಬ್ಲೀಚ್ ದ್ರಾವಣ: 5 ಪರ್ಸೆಂಟಿನ ಬ್ಲೀಚ್ ಆದರೆ 20 ಮಿಲಿಲೀಟರಿಗೆ ನೀರು ಸೇರಿಸಿ ಒಟ್ಟು 1 ಲೀಟರ್ ಮಾಡಿದರೆ 0.1 ಪರ್ಸೆಂಟ್. ಹತ್ತು ನಿಮಿಷ ಒದ್ದೆಯಾಗಿಯೇ ಇದ್ದು ಆಮೇಲೆ ನೀರಿನಲ್ಲಿ ತೊಳೆಯಬೇಕು. ಕೊಳೆ ಇದ್ದಂತೆಯೇ ಸುರಿದರೆ ಬ್ಲೀಚ್ ಕೊಳೆಯೊಡನೆಯೇ ಖರ್ಚಾಗುತ್ತದೆ. ದಿನವೂ ಹೊಸದಾಗಿ ಕಲೆಸಿ, ಶೌಚದ ಆಸಿಡ್ ಕ್ಲೀನರ್ ಜೊತೆ ಎಂದೂ ಸೇರಿಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ಎಲಾಸ್ಟಿಕ್ ಮತ್ತು ಬಣ್ಣದ ಬಟ್ಟೆಗೆ ಇದು ತಾಗದಿರಲಿ. ಮದ್ಯಸಾರದ ಸ್ಯಾನಿಟೈಸರ್ ಈ ರೋಗಗಳ ವೈರಸ್‌ಗಳ ಮೇಲೆ ಅಷ್ಟಾಗಿ ನಡೆಯುವುದಿಲ್ಲ.

ಬಿಚ್ಚಿದ ಕಾಲನ್ನು ಒಂದು ಕ್ಷಣ ನೋಡುವ ಅಭ್ಯಾಸವಿಟ್ಟುಕೊಳ್ಳಿ. ಪಟ್ಟಿಯ ಕೆಂಪು ಗುರುತು ಹತ್ತು ನಿಮಿಷದಲ್ಲಿ ಮಾಯವಾಗದಿದ್ದರೆ ಶೂ ಬಿಗಿ. ಬೆರಳ ಸಂದಿನಲ್ಲಿ ಬಿಳಿಚಿ ಬಿರಿದು ತುರಿಕೆ ಇದ್ದರೆ ಶಿಲೀಂಧ್ರವಿರಬಹುದು. ಸಂದುಗಳು ಚೆನ್ನಾಗಿದ್ದು ಅಂಗಾಲಿನ ಮುಂಭಾಗ, ಹೆಬ್ಬೆರಳಿನ ಅಡಿ ಹೊಳೆಯುತ್ತಾ ಕೆಂಪಾಗಿ ಸೀಳಿದ್ದರೆ ಅದು ಬೇರೆ: ಗಾಳಿಯಾಡದ ಶೂವಿನಲ್ಲಿ ಬೆವರಿ ನೆನೆಯುವುದು, ಬಿಚ್ಚಿದಾಗ ಸರಕ್ಕನೆ ಒಣಗುವುದು, ಹೀಗೆ ಮತ್ತೆ ಮತ್ತೆ ಆಗಿ ಬರುವ ಚರ್ಮದ ಉರಿತ, ಮೂರು ವರ್ಷ ದಾಟಿದವರಲ್ಲಿ ಕಾಣುತ್ತದೆ. ಇದಕ್ಕೆ ಶಿಲೀಂಧ್ರದ ಮುಲಾಮು ಹಚ್ಚಿದರೆ ಫಲವಿಲ್ಲ. ಹತ್ತಿ ಸಾಕ್ಸ್, ನಡುಹೊತ್ತಿಗೆ ಸಾಕ್ಸ್ ಬದಲಾವಣೆ, ಗಾಳಿಯಾಡುವ ಶೂ, ಚರ್ಮ ಮೆತ್ತಗಿಡುವ ಮುಲಾಮು ಬೇಕು. ಅಂಗಾಲಿನ ನರಹುಲಿ ಇದ್ದ ಮಗುವನ್ನು ಮನೆಗೆ ಕಳಿಸಬೇಕಿಲ್ಲ, ನೀರು ಹೋಗದ ಪ್ಲಾಸ್ಟರ್ ಹಾಕಿ, ಅದರ ಚಪ್ಪಲಿ, ಬಟ್ಟೆ ಬೇರೆಯವರು ಬಳಸದಂತೆ ನೋಡಿಕೊಂಡರೆ ಸಾಕು. ಉಗುರು ಕತ್ತರಿಸುವುದು ಪೋಷಕರ ಕೆಲಸ, ಉದ್ದ ಬೆಳೆದಿದ್ದರೆ ತಿಳಿಸಿ, ಮೂಲೆ ಕೊರೆಯದೆ ನೇರಕ್ಕೆ ಕತ್ತರಿಸಲು ಹೇಳಿ.

ಎಷ್ಟು ಜೋಡಿ ಬೇಕು? ಪ್ರತಿ ಮಗುವಿಗೆ ಕ್ಯಾನ್ವಾಸ್ ಶೂ ಎರಡು, ಒಂದು ಒಣಗುವಾಗ ಒಂದು ಕಾಲಿಗೆ, ಸಾಕ್ಸ್ ಮೂರು, ಶೌಚದ ಕೋಣೆಗೆ ಒಂದು ಕ್ಲಾಗ್. ಎಲ್ಲರಿಗೂ ಆದೀತು ಎಂದು ಒಂದು ಬುಟ್ಟಿ ತುಂಬ ಹಳೆ ಶೂ ಇಟ್ಟುಕೊಳ್ಳುವುದು ಬೇಡ. ಒಬ್ಬರಿಗೆ ಚಿಕ್ಕದಾದದ್ದನ್ನು ಇನ್ನೊಬ್ಬರಿಗೆ ದಾಟಿಸಲೇಬೇಕಾದರೆ ಶೂವನ್ನು ಸಮನಾದ ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿ, ಒಂದು ಪಕ್ಕಕ್ಕೆ ವಾಲಿದ್ದರೆ ಹಿಂದಿನ ಮಗುವಿನ ನಡಿಗೆಗೆ ಸವೆದಿದೆ ಎಂದರ್ಥ, ಎಸೆಯಿರಿ. ನೆಟ್ಟಗಿದ್ದರೆ ತೊಳೆದು, ಹೊಸ ಒಳಅಟ್ಟೆ ಕತ್ತರಿಸಿ ಹಾಕಿ, ಪಟ್ಟಿಯ ಮೇಲಿನ ಹೆಸರು ಬದಲಿಸಿ.